ಬಾಲ್ಯದ ಅನುಭವವೂ ಇಂಗ್ಲಿಷ್ ಕಲಿಕೆಯ ಒಲವೂ

ಯಾವ ಭಾಷೆಯೇ ಆಗಲಿ, ಮೊದಲು ಕಿವಿಗೆ ಬೀಳುತ್ತದೆ. ಆಮೇಲೆ ನಾಲಗೆಗೆ ಬರುತ್ತದೆ. ಕಣ್ಣಿಗೂ ಕೈಗೂ ದಕ್ಕುವುದು ಕಡೆಗೆ. ತಾಯ್ನುಡಿಯನ್ನು ನಾವೆಲ್ಲರೂ ಈ ಕ್ರಮದಲ್ಲಿಯೇ ಕಲಿತೆವು. ಇಂಗ್ಲಿಷಿನ ಪಾಠವಾದರೋ ನಮ್ಮಲ್ಲಿ ಬಹುಮಟ್ಟಿಗೆ ತಲೆಕೆಳಗಾಗಿ ನಡೆಯುತ್ತದೆ. ಮಗುವು ಕಿವಿಯಿಂದ ಕೇಳದ ಶಬ್ದವನ್ನು ಕಣ್ಣಿನಿಂದ ಓದಬೇಕು, ಅರ್ಥವರಿಯದ ವಾಕ್ಯವನ್ನು ಕೈಯಿಂದ ಬರೆಯಬೇಕು. ಇದರಿಂದ ಅಂಜಿಕೆ ಹುಟ್ಟಿದರೆ ಆಶ್ಚರ್ಯವೇನು? ಈ ಅಂಜಿಕೆಯು ಕಳೆದು ಒಲವು ಹುಟ್ಟುವುದು ಹೇಗೆ ಎಂಬುದನ್ನು ನಮ್ಮ ಬಾಲ್ಯದ ಒಂದು ಸಣ್ಣ ಪ್ರಸಂಗದಿಂದಲೂ ಕೆಲವು ಹಿರಿಯರ ಜೀವನದಿಂದಲೂ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಗುಂಜೋಟಿಯು ಉಮರ್ಗಾ ತಾಲೂಕಿನ ಊರು. ನಮ್ಮ ಬಾಲ್ಯದಲ್ಲಿ ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಹೊಲದ ಕಾಗದಪತ್ರಗಳೆಲ್ಲ ನಿಜಾಮರ ಕಾಲದವು, ಉರ್ದುವಿನಲ್ಲಿದ್ದವು. ಹೀಗೆ ಒಂದೇ ದಿನದಲ್ಲಿ ನಾವು ನೀರಿಗೆ ‘ನೀರು’ ಎಂದೂ ‘ಪಾಣಿ’ ಎಂದೂ ‘ಪಾನೀ’ ಎಂದೂ ಹೇಳಿ ದಾಹ ತೀರಿಸಿಕೊಳ್ಳುತ್ತಿದ್ದೆವು. ಮೂರು ಭಾಷೆಗಳು ನಮಗೆ ಎಂದೂ ಭಾರವೆನಿಸಲಿಲ್ಲ. ನಾಲ್ಕನೆಯದಾದ ಇಂಗ್ಲಿಷು ಮಾತ್ರ ಐದನೆಯ ಇಯತ್ತೆಯಲ್ಲಿ ನಮಗೆ ಬೆತ್ತದೊಡನೆಯೇ ಪರಿಚಯವಾಯಿತು. ಕಾಗುಣಿತ ತಪ್ಪಿದರೆ ಅಂಗೈಗೆ ಏಟು. ಏಟಿನ ಭಯದಿಂದ ಮತ್ತೆ ಕಾಗುಣಿತ ತಪ್ಪುವುದು.

ಆ ವರ್ಷ ನಮ್ಮ ಅಜ್ಜಿಗೆ ಕೆಮ್ಮು ಹತ್ತಿತು. ದವಾಖಾನೆಯಿಂದ ಬಿಳಿಯ ಔಷಧದ ಬಾಟಲಿಯನ್ನು ತಂದರು. ಬಾಟಲಿಯ ಮೇಲೆ ಇಂಗ್ಲಿಷಿನ ಚೀಟಿಯೊಂದು ಅಂಟಿತ್ತು. ಅಜ್ಜಿ ನಮ್ಮನ್ನು ಕರೆದು, “ಸಾಲಿಗೆ ಹೋಗ್ತೀಯಲ್ಲಪ್ಪಾ, ಇದರಾಗ ಏನ್ ಬರದಾರ ಓದಿ ಹೇಳು” ಎಂದಳು. ನಾವು ಅಕ್ಷರ ಅಕ್ಷರವಾಗಿ ಜೋಡಿಸಿ ‘ಶೇಕ್ ವೆಲ್’ ಎಂದು ಓದಿದೆವು. ‘ಶೇಕ್’ ಎಂದರೆ ಏನೆಂದು ನಮಗೆ ತಿಳಿದಿರಲಿಲ್ಲ. ‘ವೆಲ್’ ಮಾತ್ರ ಗೊತ್ತಿತ್ತು. ನಮ್ಮ ಪುಸ್ತಕದಲ್ಲಿ ಆ ಶಬ್ದದ ಪಕ್ಕದಲ್ಲಿ ಬಾವಿಯ ಚಿತ್ರವಿತ್ತು. “ಬಾವಿ ಅಂತ ಬರದಾರ ಅಜ್ಜೀ” ಎಂದು ಧೈರ್ಯವಾಗಿ ಹೇಳಿದೆವು. ಬಾವಿಯ ನೀರಿನಲ್ಲಿ ಕೂಡಿಸಿ ಕುಡಿಯಬೇಕೆಂದು ಅರ್ಥಮಾಡಿಕೊಂಡ ಅಜ್ಜಿ ಹಾಗೆಯೇ ಕುಡಿಯತೊಡಗಿದಳು. ನಾಲ್ಕು ದಿನ ಕಳೆದರೂ ಗುಣ ಕಾಣಲಿಲ್ಲ.

ನಮ್ಮ ಓಣಿಯಲ್ಲಿ ಉದ್ಯೋಗದಿಂದ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ಅವರು ಸಂಜೆ ಕಟ್ಟೆಗೆ ಬಂದಾಗ ಅಜ್ಜಿ ಬಾಟಲಿಯನ್ನು ತೋರಿಸಿದಳು. ಅವರು ಅದನ್ನು ಬೆಳಕಿಗೆ ಹಿಡಿದರು. ಔಷಧವೆಲ್ಲ ತಳದಲ್ಲಿ ಸುಣ್ಣದಂತೆ ಕೂತಿತ್ತು. ಅಜ್ಜಿ ಕುಡಿದದ್ದು ಮೇಲಿನ ತಿಳಿನೀರನ್ನು. ಮಾಸ್ತರರು ನಗುತ್ತ, “ತಾಯೀ, ಹುಡುಗ ಓದಿದ್ದು ಸುಳ್ಳಲ್ಲ. ವೆಲ್ ಅಂದ್ರ ಬಾವೀನೂ ಹೌದು, ಚೆನ್ನಾಗಿ ಅಂತನೂ ಹೌದು. ಚೆನ್ನಾಗಿ ಅಲುಗಾಡಿಸಿ ಕುಡೀರಿ ಅಂತ ಬರದಾರ” ಎಂದರು. ಬಳಿಕ ನಮ್ಮ ಕಡೆಗೆ ತಿರುಗಿ, “ಹತ್ತು ಅಂದ್ರ ಏನೋ?” ಎಂದು ಕೇಳಿದರು. ನಾವು ಬೆರಳೆಣಿಸಿ ತೋರಿಸಿದೆವು. “ಗಿಡ ಹತ್ತು ಅಂದ್ರ?” ಎಂದರು. ನಾವು ಬೆರಗಾಗಿ ನಿಂತೆವು. ನಮ್ಮ ಕನ್ನಡದಲ್ಲಿಯೂ ಒಂದು ಮಾತಿಗೆ ಎರಡು ಅರ್ಥವುಂಟೆಂಬುದನ್ನು ಆವರೆಗೆ ಯಾರೂ ನಮಗೆ ತೋರಿಸಿರಲಿಲ್ಲ. ಅಂದಿನ ರಾತ್ರಿ ಮನೆಯಲ್ಲಿದ್ದ ಬೆಂಕಿಪೆಟ್ಟಿಗೆ, ಸಾಬೂನು, ಚಹದ ಡಬ್ಬಿ ಇವುಗಳ ಮೇಲಿನ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಕಂದೀಲಿನ ಬೆಳಕಿನಲ್ಲಿ ಓದಿದೆವು. ಮರುದಿನ ಬೆತ್ತ ತಪ್ಪಲಿಲ್ಲವಾದರೂ ಭಯ ತಪ್ಪಿತು.

ಈ ಪ್ರಸಂಗವನ್ನು ವಿಶ್ಲೇಷಿಸಿದರೆ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದು, ಕಲಿಕೆಯು ಮನೆಯ ಒಂದು ನಿಜವಾದ ಅಗತ್ಯದಿಂದ ಹುಟ್ಟಿತು. ಎರಡನೆಯದು, ತಪ್ಪಿಗೆ ಶಿಕ್ಷೆ ದೊರೆಯಲಿಲ್ಲ. ತಪ್ಪಿನಲ್ಲಿದ್ದ ಸತ್ಯಾಂಶವನ್ನು ಹಿರಿಯರು ಗುರುತಿಸಿದರು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಪರಭಾಷೆಯ ಗಂಟು ಬಿಚ್ಚಿದುದು ತಾಯ್ನುಡಿಯ ಬೆರಳುಗಳಿಂದ. ‘ಹತ್ತು’ ಎಂಬ ಕನ್ನಡದ ಮಾತು ಇಲ್ಲದಿದ್ದರೆ ‘ವೆಲ್’ ಎಂಬ ಇಂಗ್ಲಿಷ್ ಮಾತು ನಮಗೆ ಇನ್ನೂ ಬಾವಿಯಾಗಿಯೇ ಉಳಿಯುತ್ತಿತ್ತು.

ಇದೊಂದು ಹಳ್ಳಿಯ ಹುಡುಗನ ಅನುಭವವಷ್ಟೇ ಎಂದು ವಾಚಕರು ಭಾವಿಸಬಾರದು. 1929ರಲ್ಲಿ ಮೈಸೂರಿನ ಒಂದು ತಮಿಳು ಮನೆತನದಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರ ಬಾಲ್ಯವನ್ನು ನೋಡೋಣ. ಅವರ ತಂದೆಯವರು ಗಣಿತದ ಪ್ರಾಧ್ಯಾಪಕರು. ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷು, ಕೆಳಗೆ ಅಡಿಗೆಮನೆಯಲ್ಲಿ ತಾಯಿಯೊಡನೆ ತಮಿಳು, ಬೀದಿಗಿಳಿದರೆ ಗೆಳೆಯರೊಡನೆ ಕನ್ನಡ. ಹೀಗೆ ಮೆಟ್ಟಿಲು ಹತ್ತಿ ಇಳಿದಂತೆ ಭಾಷೆ ಬದಲಾಗುತ್ತಿದ್ದ ಮನೆಯಲ್ಲಿ ತಾವು ಬೆಳೆದುದನ್ನು ಅವರೇ ಹೇಳಿಕೊಂಡಿದ್ದಾರೆ. ಸಂಜೆಯ ಊಟದ ಹೊತ್ತಿಗೆ ಮನೆಯ ಹೆಂಗಸರು ಹೇಳುತ್ತಿದ್ದ ಕಥೆಗಳನ್ನು ಅವರು ಕಡೆಯವರೆಗೂ ಮರೆಯಲಿಲ್ಲ. ಬೆಳಗಾವಿಯಲ್ಲಿಯೂ ಕೆಲಕಾಲ ಅಧ್ಯಾಪಕರಾಗಿದ್ದು, 1959ರಲ್ಲಿ ಅಮೆರಿಕಕ್ಕೆ ತೆರಳಿ, ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಇಂಗ್ಲಿಷಿನಲ್ಲಿ ಕವಿಯೆಂದು ಹೆಸರಾದ ಮೇಲೆಯೂ 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಕನ್ನಡ ಕವನಸಂಗ್ರಹವನ್ನು ಪ್ರಕಟಿಸಿದರು.

ಅವರ ಒಂದು ಕಾರ್ಯವಂತೂ ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದುದು. ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಇವರ ವಚನಗಳನ್ನು ಅವರು ಇಂಗ್ಲಿಷಿಗೆ ಅನುವಾದಿಸಿದರು. ಆ ಗ್ರಂಥವು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಿಂದ 1973ರಲ್ಲಿ ಹೊರಬಂದಿತು. ಶರಣರು ನೆರೆದ ಕಲ್ಯಾಣವು ಇಂದಿನ ಬಸವಕಲ್ಯಾಣ. ನಮ್ಮ ಉಮರ್ಗಾ ತಾಲೂಕಿಗೆ ಬಹು ದೂರದ ಊರೇನೂ ಅಲ್ಲ. ನಮ್ಮ ನೆರೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಡಿದ ಕನ್ನಡದ ಮಾತನ್ನು ಹೊರದೇಶಗಳ ಓದುಗರು ಇಂಗ್ಲಿಷಿನ ಮೂಲಕ ಕೇಳುವಂತಾಯಿತು. ಆ ಕೆಲಸ ಮಾಡಿದವರು ಇಂಗ್ಲಿಷನ್ನು ಬಲ್ಲವರು ಮಾತ್ರವಾಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಬೀದಿಯಲ್ಲಿ ಕನ್ನಡವಾಡಿ ಬೆಳೆದ ಹುಡುಗನೇ ಬೇಕಾಗಿತ್ತು.

ನಮ್ಮಲ್ಲಿಂದ ಇಂಗ್ಲಿಷಿಗೆ ಹೋದ ಸಂಪತ್ತು ಇದಾದರೆ, ಇಂಗ್ಲಿಷ್ ಸಾಹಿತ್ಯವು ತಾನಾಗಿ ನಮ್ಮ ಬಾಗಿಲಿಗೆ ಬಂದ ಉದಾಹರಣೆಯೂ ಉಂಟು. 1808ರಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಎಂಬಾತನು ಬಾಲಕನಾಗಿದ್ದಾಗಲೇ ಹಿಂದುಸ್ಥಾನಕ್ಕೆ ಬಂದು ನಿಜಾಮರ ಸೇವೆಗೆ ಸೇರಿದನು. ಸುರಪುರದಲ್ಲಿ ಬಹುಕಾಲವಿದ್ದು, 1853ರ ತರುವಾಯ ನಳದುರ್ಗದಲ್ಲಿ ಅಧಿಕಾರಿಯಾಗಿದ್ದನು. ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೋಗುವ ಮೋಟಾರಿನಿಂದ ಕಾಣುವ ಕೋಟೆಯೇ ಆ ನಳದುರ್ಗ. 1863ರಲ್ಲಿ ಆತನು ಪ್ರಕಟಿಸಿದ ‘ತಾರಾ’ ಎಂಬ ಇಂಗ್ಲಿಷ್ ಕಾದಂಬರಿಯ ನಾಯಿಕೆಯು ತುಳಜಾಪುರದ ಶಾಸ್ತ್ರಿಯೊಬ್ಬರ ಮಗಳು. ಅಂಬಾಭವಾನಿಯ ದರ್ಶನಕ್ಕೆ ಹೋಗಿಬಂದ ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಹೇಳಿ ನೋಡಬೇಕು. ತಾವು ಮೆಟ್ಟಿದ ನೆಲವೇ ಇಂಗ್ಲಿಷ್ ಪುಸ್ತಕದಲ್ಲಿದೆ ಎಂದು ತಿಳಿದ ಮಗುವಿಗೆ ಆ ಪುಸ್ತಕವು ಪರಕೀಯವೆನಿಸದು.

ಒಲವಿಗೂ ಒಂದು ಎಲ್ಲೆಯುಂಟು. ಮಲೆನಾಡಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷ್ ಕಾವ್ಯಕ್ಕೆ ಮನಸೋತು ಅದೇ ಭಾಷೆಯಲ್ಲಿ ಕವಿತೆ ಕಟ್ಟಿದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಿಕೆಯೂ ಪ್ರಕಟವಾಯಿತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಪದ್ಯಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆ ಮಾಡಿದರು. ಕುವೆಂಪು ಕನ್ನಡಕ್ಕೆ ತಿರುಗಿದರು. ಇಂಗ್ಲಿಷ್ ಓದನ್ನು ಮಾತ್ರ ಬಿಡಲಿಲ್ಲ. ಓದಿನಿಂದ ಪಡೆದುದೆಲ್ಲವೂ ಅವರ ಕನ್ನಡವನ್ನು ಪುಷ್ಟಿಗೊಳಿಸಿತು. ಇಂಗ್ಲಿಷಿನ ಪ್ರೀತಿಯು ಕನ್ನಡದ ದ್ರೋಹವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಈ ಮಾತುಗಳನ್ನು ಗಡಿಯ ನೆಲದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ನಮ್ಮ ಹಿರಿಯರು ಒಂದೇ ಮನೆಯಲ್ಲಿ ಕುಳಿತು ಹಲವು ರಾಜ್ಯಗಳನ್ನು ಕಂಡವರು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯು ಉರ್ದುವಿನಲ್ಲಿದ್ದರೂ ಇಂಗ್ಲಿಷು ಕಡ್ಡಾಯವಾದ ವಿಷಯವಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. 1956ರಲ್ಲಿ ಹೈದರಾಬಾದ ಸಂಸ್ಥಾನವು ಹಂಚಿಹೋದಾಗ ಮರಾಠವಾಡವು ಮುಂಬಯಿ ರಾಜ್ಯಕ್ಕೆ ಸೇರಿತು. ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾಗಳೂ ಅತ್ತಲೇ ಹೋದವು. 1960ರಲ್ಲಿ ಇವೆಲ್ಲ ಮಹಾರಾಷ್ಟ್ರದ ಭಾಗಗಳಾದವು. ಕಚೇರಿಯ ಭಾಷೆ ಬದಲಾದಾಗಲೆಲ್ಲ ಮನೆಯ ಕನ್ನಡಕ್ಕೆ ಒಂದು ಪರೀಕ್ಷೆ ಒದಗಿತು. ಪ್ರತಿ ಸಲವೂ ತಾಯಂದಿರ ಬಾಯಿಯಿಂದಲೇ ಅದು ಉಳಿದುಬಂದಿತು.

ಈಗಿನ ಪರೀಕ್ಷೆ ಬೇರೆ ಬಗೆಯದು. 2000ದಲ್ಲಿ ಮಹಾರಾಷ್ಟ್ರ ಸರಕಾರವು ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ವಿಷಯವನ್ನು ಜಾರಿಗೆ ತಂದಿತು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆಯು ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಒದಗಿಸುತ್ತ ಬಂದಿದೆ. ಪುಸ್ತಕಗಳಿವೆ, ಪಾಠವೂ ಇದೆ. ಆದರೂ “ಕನ್ನಡ ಸಾಲಿಗೆ ಹಾಕಿದ್ರ ಇಂಗ್ಲಿಷ್ ಎಲ್ಲಿಂದ ಬರಬೇಕ್ರೀ?” ಎಂದು ಕೇಳುವ ಪಾಲಕರ ಸಂಖ್ಯೆ ಕಡಿಮೆಯಲ್ಲ. ಅವರನ್ನು ನಾವು ದೂರಲಾರೆವು. ಮಗುವಿನ ಅನ್ನದ ಚಿಂತೆ ಅವರದು. ಅವರಿಗೆ ಕೊಡಬೇಕಾದ ಉತ್ತರವು ಭಾಷಣವಲ್ಲ, ನಿರ್ಭಯವಾಗಿ ನಾಲ್ಕು ಇಂಗ್ಲಿಷ್ ವಾಕ್ಯ ಆಡಬಲ್ಲ ಕನ್ನಡ ಶಾಲೆಯ ಮಗು. ಆ ಮಗುವನ್ನು ನಾವು ಸಿದ್ಧಗೊಳಿಸದಿದ್ದರೆ ಕನ್ನಡದ ತರಗತಿಗಳು ಬರಿದಾಗುವುದನ್ನು ಯಾವ ಠರಾವೂ ತಡೆಯಲಾರದು.

ಹಾಗಾದರೆ ಮಾಡತಕ್ಕುದೇನು? ಶಿಕ್ಷಕಬಂಧುಗಳು ಮೊದಲು ಮಗುವಿನಲ್ಲಿ ಈಗಾಗಲೇ ಇರುವ ಬಂಡವಾಳವನ್ನು ಲೆಕ್ಕ ಹಾಕಬೇಕು. ಇಂಗ್ಲಿಷಿನ ‘ಝೀರೋ’, ‘ಫ್ಯಾನ್’ ಮೊದಲಾದ ಮಾತುಗಳಲ್ಲಿಯ ಧ್ವನಿಗಳು ಅಚ್ಚಗನ್ನಡದಲ್ಲಿ ಇಲ್ಲವಾದರೂ ಓಣಿಯ ಉರ್ದುವನ್ನು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅವು ಹೊಸವಲ್ಲ. ಎರಡನೆಯದಾಗಿ, ವಾಕ್ಯರಚನೆಯ ಭೇದವನ್ನು ಕನ್ನಡದ ಪಕ್ಕದಲ್ಲಿಟ್ಟು ತೋರಿಸಬೇಕು. ‘ನಾನು ರೊಟ್ಟಿ ತಿಂದೆ’ ಎನ್ನುವಲ್ಲಿ ನಮ್ಮ ಕ್ರಿಯಾಪದವು ಕೊನೆಗೆ ಬರುತ್ತದೆ. ‘ಐ ಏಟ್ ರೊಟ್ಟಿ’ ಎನ್ನುವಲ್ಲಿ ನಡುವೆ ನಿಲ್ಲುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ವಿಭಕ್ತಿಯು ನಾಮಪದದ ಹಿಂದೆ ಹತ್ತುತ್ತದೆ. ‘ಇನ್ ದ ಹೌಸ್’ ಎಂಬಲ್ಲಿ ‘ಇನ್’ ಎಂಬುದು ಮುಂದೆ ನಡೆಯುತ್ತದೆ. ಇಷ್ಟು ತಿಳಿದ ಮಗು ಅರ್ಧ ವ್ಯಾಕರಣವನ್ನು ಆಟದಂತೆ ಕಲಿಯುತ್ತದೆ. ಮೂರನೆಯದಾಗಿ, ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ‘ಸಿ’ ಎಂಬ ಒಂದೇ ಅಕ್ಷರವು ‘ಕ್ಯಾಟ್’ ಎಂಬಲ್ಲಿ ಕಕಾರವಾಗಿಯೂ ‘ಸಿಟಿ’ ಎಂಬಲ್ಲಿ ಸಕಾರವಾಗಿಯೂ ನಡೆಯುತ್ತದೆ. ಆ ತೊಡಕು ಭಾಷೆಯದು, ಮಗುವಿನ ಬುದ್ಧಿಯದಲ್ಲ. ಇದನ್ನರಿತ ಗುರುವಿನ ಕೈಗೆ ಬೆತ್ತ ಬರಲಾರದು.

ವಿದ್ಯಾರ್ಥಿಮಿತ್ರರಿಗೂ ಒಂದು ಮಾತು. ದಿನಕ್ಕೆ ಒಂದು ಇಂಗ್ಲಿಷ್ ಶಬ್ದವನ್ನು ಮನೆಯಲ್ಲಿಯೇ ಹುಡುಕಿರಿ: ಗೊಬ್ಬರದ ಚೀಲದ ಮೇಲೆ, ಔಷಧದ ಡಬ್ಬಿಯ ಮೇಲೆ, ಬಸ್ಸಿನ ಚೀಟಿಯ ಮೇಲೆ. ಅರ್ಥವನ್ನು ಗುರುಗಳಿಂದ ತಿಳಿದು ರಾತ್ರಿ ಅಜ್ಜಿಗೆ ಕನ್ನಡದಲ್ಲಿ ಹೇಳಿರಿ. ಅಜ್ಜಿಗೆ ತಿಳಿಯುವಂತೆ ಹೇಳಲು ಬಂದರೆ ಮಾತ್ರ ನಿಮಗೆ ಆ ಶಬ್ದವು ಬಂದಂತೆ.

ನಮ್ಮ ಅಜ್ಜಿಯ ಕೆಮ್ಮು ಅಲುಗಾಡಿಸಿದ ಔಷಧದಿಂದ ವಾಸಿಯಾಯಿತು. ಬಳಿಕ ಅವಳು ಯಾವ ಬಾಟಲಿಯನ್ನು ಕಂಡರೂ “ಬಾವಿ ಅಲುಗಾಡಿಸು” ಎಂದು ನಮ್ಮನ್ನು ನಗಿಸುತ್ತಿದ್ದಳು. ಔಷಧದ ಗುಣವೆಲ್ಲ ಬಾಟಲಿಯ ತಳದಲ್ಲಿತ್ತು. ಗಡಿನಾಡಿನ ಮಗುವಿನ ಶಕ್ತಿಯೂ ಹಾಗೆಯೇ ಅದರ ಮನೆಮಾತಿನ ತಳದಲ್ಲಿ ನೆಲೆಸಿರುತ್ತದೆ. ಅದನ್ನು ಅಲ್ಲಿಯೇ ಕೂತಿರಗೊಟ್ಟು ಮೇಲಿನ ತಿಳಿನೀರನ್ನೇ ಇಂಗ್ಲಿಷೆಂದು ಕುಡಿಸಿದರೆ ಗುಣ ಕಾಣದು. ಪಾಲಕರೂ ಶಿಕ್ಷಕರೂ ಇದನ್ನು ಮನಗಂಡು ನಡೆದರೆ ನಮ್ಮ ಶಾಲೆಗಳ ಮಕ್ಕಳಿಗೆ ಎರಡು ಭಾಷೆಗಳೂ ಒಲಿಯುವುದರಲ್ಲಿ ಸಂದೇಹವಿಲ್ಲ.