ಮಾರ್ಪಡಿಸಿದ ವಿಂಡೋಸ್‌ನಲ್ಲಿ ಆಟಗಳ ಸ್ಥಾಪನೆ: ದೋಷಗಳ ಪತ್ತೆ ಮತ್ತು ಪರಿಹಾರ

ಮನೆಯ ಕಂಪ್ಯೂಟರಿನಲ್ಲಿ ಹೊಸ ಆಟವೊಂದನ್ನು ಸ್ಥಾಪಿಸಲು ಹೊರಟಾಗ ಕೆಲಸ ಅರ್ಧಕ್ಕೇ ನಿಂತು, ತೆರೆಯ ಮೇಲೆ ಒಂದು ಸಂಖ್ಯೆಯೂ ಅರ್ಥವಾಗದ ಒಂದು ವಾಕ್ಯವೂ ಮೂಡುವುದುಂಟು. ಆಟದ ಕಡತವೇ ಕೆಟ್ಟಿದೆಯೆಂದು ಭಾವಿಸಿ ಅದನ್ನು ಮತ್ತೆ ಮತ್ತೆ ಇಳಿಸಿಕೊಳ್ಳುವವರು ಅನೇಕರು. ಆದರೆ ಆ ಕಂಪ್ಯೂಟರಿನಲ್ಲಿರುವುದು ಮೂಲ ವಿಂಡೋಸ್ ಆಗಿರದೆ, ಕತ್ತರಿಸಿ ಹಗುರಗೊಳಿಸಿದ ರೂಪವಾಗಿದ್ದಲ್ಲಿ, ದೋಷವನ್ನು ಮೊದಲು ಹುಡುಕಬೇಕಾದುದು ಆಟದಲ್ಲಲ್ಲ. ವ್ಯವಸ್ಥೆಯಿಂದ ಯಾವ ಭಾಗವನ್ನು ತೆಗೆದುಹಾಕಲಾಗಿದೆ ಎಂಬುದರಲ್ಲಿ.

ಇಂತಹ ರೂಪಗಳು ಹರಡಲು ಕಾರಣವಿದೆ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ 4 ಜಿಬಿ ಸ್ಮೃತಿಯನ್ನೂ 64 ಜಿಬಿ ಸಂಗ್ರಹ ಸ್ಥಳವನ್ನೂ ಕಡ್ಡಾಯಗೊಳಿಸಿತು. ಸುಸ್ಥಿತಿಯಲ್ಲಿದ್ದ ಎಷ್ಟೋ ಹಳೆಯ ಯಂತ್ರಗಳು ಇದರಿಂದ ಹೊರಗುಳಿದವು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಧಿಕೃತ ಪ್ರತಿಯಿಂದ ಬಳಕೆದಾರನೇ ತನ್ನ ಯಂತ್ರದಲ್ಲಿ ಹಗುರ ರೂಪವನ್ನು ಸಿದ್ಧಪಡಿಸಿಕೊಳ್ಳುವ ಟೈನಿ11ನಂತಹ ಸಾಧನಗಳಿವೆ. ಯಾರೋ ಅಪರಿಚಿತರು ಸಿದ್ಧಪಡಿಸಿ ಹಂಚುವ ಪ್ರತಿಗಳೂ ಇವೆ. ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ತೆಗೆದುದೇನೆಂಬುದು ತಿಳಿದಿರುತ್ತದೆ. ಎರಡನೆಯದರಲ್ಲಿ ತೆಗೆದುದೂ ತಿಳಿಯದು, ಸೇರಿಸಿದುದೂ ತಿಳಿಯದು.

ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್ ಅಥವಾ ಇನ್ನೆಲ್ಲಿಂದಲೇ ಆಗಲಿ, ಬಳಸಿದ ಕಂಪ್ಯೂಟರನ್ನು ಕೊಂಡವರು ಅದರಲ್ಲಿರುವ ವ್ಯವಸ್ಥೆ ಯಾವುದೆಂದು ಮೊದಲೇ ಪರೀಕ್ಷಿಸುವುದು ಒಳಿತು. ‘ವಿಂಡೋಸ್ ಸೆಕ್ಯುರಿಟಿ’ ತೆರೆಯದಿದ್ದರೆ, ‘ವಿಂಡೋಸ್ ಅಪ್‌ಡೇಟ್’ ಪುಟವೇ ಇಲ್ಲದಿದ್ದರೆ, ‘ಮೈಕ್ರೋಸಾಫ್ಟ್ ಸ್ಟೋರ್’ ಕಾಣದಿದ್ದರೆ ಅದು ಮಾರ್ಪಡಿಸಿದ ರೂಪವಿರಬಹುದೆಂದು ಶಂಕಿಸಬಹುದು.

ಸಂಖ್ಯೆ ಸೂಚಿಸುವುದೇನು?

ಸ್ಥಾಪಕ ತಂತ್ರಾಂಶವು ಎಲ್ಲ ಕೆಲಸವನ್ನೂ ತಾನೊಂದೇ ಮಾಡುವುದಿಲ್ಲ. ಅದು ಒತ್ತಿ ತುಂಬಿದ ಕಡತಗಳನ್ನು ಬಿಡಿಸಿ ತಾತ್ಕಾಲಿಕ ಕೋಶದಲ್ಲಿಡುತ್ತದೆ, ಅಲ್ಲಿಂದ ಗೊತ್ತಾದ ಸ್ಥಳಕ್ಕೆ ನಕಲು ಮಾಡುತ್ತದೆ, ರಿಜಿಸ್ಟ್ರಿಯಲ್ಲಿ ನಮೂದಿಸುತ್ತದೆ, ಕೊನೆಗೆ ಆಟಕ್ಕೆ ಬೇಕಾದ ಸಹಾಯಕ ತಂತ್ರಾಂಶಗಳನ್ನು ಕೂರಿಸುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಅದು ವಿಂಡೋಸ್‌ನ ನೆರವನ್ನು ಬೇಡುತ್ತದೆ. ಯಾವ ನೆರವು ದೊರೆಯಲಿಲ್ಲವೋ ಅದರ ಸುಳಿವು ದೋಷಸಂಖ್ಯೆಯಲ್ಲಿರುತ್ತದೆ.

1719 ಎಂದರೆ ‘ವಿಂಡೋಸ್ ಇನ್‌ಸ್ಟಾಲರ್’ ಸೇವೆ ಕೈಗೆ ಸಿಗಲಿಲ್ಲ ಎಂದರ್ಥ. 1058 ಬಂದರೆ ಅಗತ್ಯವಾದ ಸೇವೆಯೊಂದನ್ನು ನಿಷ್ಕ್ರಿಯಗೊಳಿಸಿರುವ ಸಾಧ್ಯತೆ ಹೆಚ್ಚು. ವೇಗ ಹೆಚ್ಚಿಸುವ ಹೆಸರಿನಲ್ಲಿ ಸೇವೆಗಳನ್ನು ನಿಲ್ಲಿಸಿಟ್ಟ ವ್ಯವಸ್ಥೆಗಳಲ್ಲಿ ಇವೆರಡನ್ನೂ ನಿರೀಕ್ಷಿಸಬಹುದು. ‘ಸರ್ವೀಸಸ್’ ಪಟ್ಟಿಯನ್ನು ತೆರೆದು, ‘ಡಿಸೇಬಲ್ಡ್’ ಎಂದಿರುವ ಆ ಸೇವೆಯನ್ನು ‘ಮ್ಯಾನುಅಲ್’ ಎಂದು ಬದಲಿಸಿದರೆ ಕೆಲಸ ಮುಂದುವರಿಯಬಹುದು. ಸೇವೆಯ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ಬುಡಸಮೇತ ಕಿತ್ತಿದ್ದಾರೆಂದು ತಿಳಿಯಬೇಕು. 1603 ಎಂಬುದು ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಸಂಖ್ಯೆ. ಅದು ಸ್ಥಾಪನೆ ವಿಫಲವಾಯಿತೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಎಂಎಸ್‌ಐ ಮಾದರಿಯ ಸ್ಥಾಪಕವಾದರೆ ವಿವರವಾದ ದಾಖಲೆ ಬರೆಯುವ ಆಜ್ಞೆಯೊಡನೆ ಅದನ್ನು ನಡೆಸಿ, ಆ ದಾಖಲೆಯಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂಬ ಪದಗಳನ್ನು ಹುಡುಕಬೇಕು. ನಿಜವಾದ ಕಾರಣ ಸಾಮಾನ್ಯವಾಗಿ ಅದರ ಮೇಲಿನ ಕೆಲವು ಸಾಲುಗಳಲ್ಲಿಯೇ ಇರುತ್ತದೆ.

ಕಾಣೆಯಾದ ಸಹಾಯಕ ಕಡತಗಳು

ಆಟ ಸ್ಥಾಪನೆಯಾದರೂ ತೆರೆಯುವಾಗ ಎಂಎಸ್‌ವಿಸಿಪಿ140 ಅಥವಾ ವಿಸಿರನ್‌ಟೈಮ್140 ಎಂಬ ಕಡತವಿಲ್ಲವೆಂಬ ಸೂಚನೆ ಬಂದರೆ, ವಿಷುಅಲ್ ಸಿ++ ಸಹಾಯಕ ತಂತ್ರಾಂಶ ಇಲ್ಲವೆಂದರ್ಥ. ಕಾಣೆಯಾದ ಒಂದೇ ಕಡತವನ್ನು ಎಲ್ಲಿಂದಲೋ ತಂದು ಹಾಕುವುದು ತಪ್ಪು ಮಾರ್ಗ, ಅಪಾಯದ ಮಾರ್ಗವೂ ಹೌದು. ಮೈಕ್ರೋಸಾಫ್ಟ್ ಸಂಸ್ಥೆ ಉಚಿತವಾಗಿ ನೀಡುವ ಪೂರ್ಣ ಕಂತೆಯನ್ನೇ ಸ್ಥಾಪಿಸಬೇಕು. ವಿಂಡೋಸ್ 64 ಬಿಟ್‌ನದಾಗಿದ್ದರೂ ಆಟ 32 ಬಿಟ್‌ನದಾಗಿರಬಹುದಾದ ಕಾರಣ ಎರಡೂ ಬಗೆಯ ಕಂತೆಗಳು ಇರುವುದು ಲೇಸು. ಡಿ3ಡಿಎಕ್ಸ್9 ಎಂದು ಮೊದಲಾಗುವ ಕಡತ ಇಲ್ಲವೆಂದರೆ, ಯಂತ್ರದಲ್ಲಿ ಡೈರೆಕ್ಟ್‌ಎಕ್ಸ್ 12 ಇದ್ದರೂ ಪ್ರಯೋಜನವಿಲ್ಲ. 2010ರ ಜೂನ್ ತಿಂಗಳ ಹಳೆಯ ಕಂತೆಯೇ ಬೇಕಾಗುತ್ತದೆ.

ಡಾಟ್‌ನೆಟ್ 3.5ರ ಪ್ರಕರಣ ಇದಕ್ಕಿಂತ ಜಟಿಲ. ಅದು ಹೊರಗಿನ ಕಂತೆಯಲ್ಲ, ವಿಂಡೋಸ್‌ನದೇ ಐಚ್ಛಿಕ ಭಾಗ. ಅದನ್ನು ಸಕ್ರಿಯಗೊಳಿಸಲು ಅಪ್‌ಡೇಟ್ ಸೇವೆ ಬೇಕು, ಅಥವಾ ಅಧಿಕೃತ ಪ್ರತಿಯಲ್ಲಿರುವ ಮೂಲ ಕಡತಗಳನ್ನು ‘ಡಿಸ್ಮ್’ ಆಜ್ಞೆಗೆ ತೋರಿಸಿಕೊಡಬೇಕು. ಆದರೆ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಘಟಕ ಭಂಡಾರವನ್ನೇ ಅಳಿಸಿದ ರೂಪಗಳಲ್ಲಿ ಈ ಉಪಾಯವೂ ನಡೆಯದು. ಟೈನಿ11 ಕೋರ್ ಅಂತಹುದು. ಅದಕ್ಕೆ ಮುಂದೆ ಹೊಸ ಭಾಷೆಯನ್ನಾಗಲೀ ಭದ್ರತಾ ತಿದ್ದುಪಡಿಯನ್ನಾಗಲೀ ಸೇರಿಸಲಾಗದೆಂದು, ಅದು ದಿನಬಳಕೆಗಲ್ಲ, ಪರೀಕ್ಷೆಗಷ್ಟೇ ಎಂದು ಅದನ್ನು ರೂಪಿಸಿದವರೇ ತಿಳಿಸಿದ್ದಾರೆ. ಈ ಎಚ್ಚರಿಕೆಯನ್ನು ಓದದೆ ಮನೆಯ ಏಕೈಕ ಕಂಪ್ಯೂಟರಿಗೆ ಅದನ್ನು ಹಾಕಿದವರಿಗೆ ಯಾವ ದುರಸ್ತಿ ಆಜ್ಞೆಯೂ ನೆರವಾಗಲಾರದು. ದುರಸ್ತಿಗೆ ಬೇಕಾದ ಬಿಡಿಭಾಗಗಳು ಆ ಭಂಡಾರದಲ್ಲಿಯೇ ಇದ್ದವು.

ಕನ್ನಡದಲ್ಲಿ ಬರೆದ ಹೆಸರು

ಮಾರ್ಪಾಡಿಗೆ ಸಂಬಂಧಿಸದ, ಆದರೆ ಕನ್ನಡಿಗರು ತಿಳಿದಿರಬೇಕಾದ ಕಾರಣವೊಂದುಂಟು. ಬಳಕೆದಾರನ ಖಾತೆಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಅವನ ಕಡತಕೋಶದ ಹೆಸರೂ ಕನ್ನಡದಲ್ಲಿರಬಹುದು. ತಾತ್ಕಾಲಿಕ ಕೋಶ ಅದರೊಳಗಿರುತ್ತದೆ. ಹಳೆಯ ಸ್ಥಾಪಕಗಳು ಯೂನಿಕೋಡನ್ನು ಅರಿಯವು, ಭಾಷೆಗೊಂದರಂತೆ ಇದ್ದ ಹಳೆಯ ಸಂಕೇತ ಕೋಷ್ಟಕಗಳನ್ನು ನಂಬುತ್ತವೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂತಹ ಕೋಷ್ಟಕ ಎಂದೂ ಇರಲಿಲ್ಲ. 2001ರಲ್ಲಿ ಎಕ್ಸ್‌ಪಿಯೊಡನೆ ಬಂದ ಕನ್ನಡ ಯೂನಿಕೋಡ್ ರೂಪದಲ್ಲಿಯೇ ಬಂದಿತು. ಹೀಗಾಗಿ ಸ್ಥಾಪಕಕ್ಕೆ ಆ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಕಡತದ ಹೆಸರಿನಲ್ಲಿ ಆ ಚಿಹ್ನೆಗೆ ವಿಂಡೋಸ್ ಅವಕಾಶವನ್ನೇ ಕೊಡುವುದಿಲ್ಲ. ಖಾತೆಯ ಹೆಸರನ್ನು ಬದಲಿಸಿದ ಮಾತ್ರಕ್ಕೆ ಕೋಶದ ಹೆಸರು ಬದಲಾಗದು. ‘ಟೆಂಪ್’ ಮತ್ತು ‘ಟಿಎಂಪಿ’ ಎಂಬ ಪರಿಸರ ಚರಗಳನ್ನು ಸಿ ಡ್ರೈವಿನ ಮೇಲ್ಮಟ್ಟದಲ್ಲಿ ಇಂಗ್ಲಿಷ್ ಹೆಸರಿನ ಕೋಶವೊಂದಕ್ಕೆ ತಿರುಗಿಸುವುದು ಸುಲಭ ಪರಿಹಾರ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದುದು ಬಳಕೆದಾರನ ತಪ್ಪಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಕಡತ ಬಿಡಿಸುವಾಗ ‘ದತ್ತಾಂಶ ಕೆಟ್ಟಿದೆ’ ಎಂಬ ಸೂಚನೆ ಬಂದರೆ ಡಿಸ್ಕಿನಲ್ಲಿ ಸ್ಥಳವಿದೆಯೇ, ‘ಪೇಜ್ ಫೈಲ್’ ನಿಂತಿದೆಯೇ ಎಂದು ನೋಡಬೇಕು. ಹಗುರಗೊಳಿಸುವವರು ಕೆಲವೊಮ್ಮೆ ಪೇಜ್ ಫೈಲನ್ನೂ ನಿಲ್ಲಿಸಿರುತ್ತಾರೆ. ಪ್ರಕಾಶಕರು ಎಸ್‌ಎಚ್‌ಎ-256 ಮೊತ್ತವನ್ನು ನೀಡಿದ್ದಲ್ಲಿ ‘ಸರ್ಟ್‌ಯುಟಿಲ್’ ಆಜ್ಞೆಯಿಂದ ತಾಳೆ ನೋಡಿದರೆ, ಕೆಟ್ಟಿರುವುದು ಕಡತವೋ ಯಂತ್ರದ ಸ್ಮೃತಿಯೋ ಎಂಬ ಸಂಶಯ ಬಹುಮಟ್ಟಿಗೆ ನೀಗುತ್ತದೆ.

ರಕ್ಷಣೆಯನ್ನು ಕೆಳಗಿಳಿಸಬಾರದು

ಸ್ಥಾಪನೆ ವಿಫಲವಾದೊಡನೆ ‘ವೈರಸ್ ನಿರೋಧಕವನ್ನು ನಿಲ್ಲಿಸಿ ನೋಡಿ’ ಎಂಬ ಸಲಹೆ ಎಲ್ಲೆಡೆಯಿಂದ ಬರುತ್ತದೆ. ಸ್ಥಾಪಕಕ್ಕೆ ಸಾಮಾನ್ಯವಾಗಿ ನಿರ್ವಾಹಕನ ಪೂರ್ಣ ಅಧಿಕಾರ ಕೊಡಲಾಗುತ್ತದೆ ಎಂಬುದನ್ನು ಆಗ ನೆನೆಯಬೇಕು. ಮಗ ಆಟವಾಡುವ ಯಂತ್ರದಲ್ಲಿಯೇ ತಂದೆ ಬ್ಯಾಂಕಿನ ವ್ಯವಹಾರ ನಡೆಸುತ್ತಾನೆ, ತಾಯಿ ಆದಾಯ ತೆರಿಗೆಯ ವಿವರ ಸಲ್ಲಿಸುತ್ತಾಳೆ. ‘ಡಿಫೆಂಡರ್’ ಅನ್ನು ಕಿತ್ತುಹಾಕಿದ ವ್ಯವಸ್ಥೆಯಲ್ಲಿ, ಬೀಗ ಮುರಿದ ಆಟದೊಡನೆ ಗುಪ್ತಪದ ಕದಿಯುವ ತಂತ್ರಾಂಶ ಒಳಬಂದರೆ ಎಚ್ಚರಿಸುವವರೇ ಇರುವುದಿಲ್ಲ. ಸೋಂಕಿನ ಸಂಶಯವಿದ್ದರೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳನ್ನು ಬಳಸಬಹುದು. ಹಣ ಕಳೆದುಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೆಲವು ಆಟಗಳಂತೂ ಭದ್ರತೆಯಿಲ್ಲದ ಯಂತ್ರವನ್ನು ತಾವಾಗಿಯೇ ನಿರಾಕರಿಸುತ್ತವೆ. ವಾಲರಂಟ್ ಆಟದ ಮೋಸ ತಡೆಯುವ ವ್ಯವಸ್ಥೆ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ‘ಸೆಕ್ಯೂರ್ ಬೂಟ್’ ಎರಡನ್ನೂ ಕೇಳುತ್ತದೆ. ಇದಕ್ಕೆ ಅಡ್ಡದಾರಿ ಹುಡುಕುವುದು ಸಲ್ಲದು.

ಮೂಲಕ್ಕೆ ಮರಳುವುದು

ಘಟಕ ಭಂಡಾರ ಉಳಿದಿದ್ದರೆ ಮೊದಲು ‘ಡಿಸ್ಮ್’, ಅನಂತರ ‘ಎಸ್‌ಎಫ್‌ಸಿ’ ಆಜ್ಞೆಯನ್ನು ನಡೆಸಿ ನೋಡಬಹುದು. ಫಲ ಕಾಣದಿದ್ದರೆ ಅಧಿಕೃತ ಪ್ರತಿಯಿಂದ ಹೊಸದಾಗಿ ಸ್ಥಾಪಿಸುವುದೇ ಉಚಿತ. ಅದೇ ಯಂತ್ರಕ್ಕೆ ಡಿಜಿಟಲ್ ಪರವಾನಗಿ ಇದ್ದಲ್ಲಿ ಮತ್ತೆ ಹಣ ತೆರಬೇಕಾಗಿಲ್ಲ. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರವಾದರೆ ಲಿನಕ್ಸ್ ಒಂದು ಗೌರವಯುತ ದಾರಿ. ವಾಲ್ವ್ ಸಂಸ್ಥೆ 2018ರಲ್ಲಿ ತಂದ ಪ್ರೋಟಾನ್ ಮೂಲಕ ಎಷ್ಟೋ ವಿಂಡೋಸ್ ಆಟಗಳು ಅಲ್ಲಿ ನಡೆಯುತ್ತವೆ. ಡಿಸ್ಕನ್ನು ಅಳಿಸುವ ಮೊದಲು ಛಾಯಾಚಿತ್ರ, ದಾಖಲೆಗಳ ಜೊತೆಗೆ ‘ಡಾಕ್ಯುಮೆಂಟ್ಸ್’, ‘ಸೇವ್ಡ್ ಗೇಮ್ಸ್’ ಮತ್ತು ಮರೆಯಾಗಿರುವ ‘ಆಪ್‌ಡೇಟಾ’ ಕೋಶಗಳನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಆಟದಲ್ಲಿ ತಲಪಿದ ಹಂತದ ದಾಖಲೆ ಬಹುತೇಕ ಈ ಮೂರರಲ್ಲೊಂದರಲ್ಲಿ ಇರುತ್ತದೆ.