ಮನೆ ಕೊಳ್ಳುವ ಮುನ್ನ: ಊರಿನ ವಕೀಲರೋ, ಆನ್‌ಲೈನ್ ವಕೀಲರೋ?



‘ಮೊಬೈಲ್‌ನಲ್ಲೇ ವಕೀಲರು ಸಿಗ್ತಾರೆ, ಫೀಸೂ ಕಡಿಮೆ’ ಅಂತ ಕೆಲವರು ಹೇಳುತ್ತಾರೆ. ಸಂಘದ ಸಾಲ ಸೇರಿಸಿ ಮನೆ ಕೊಳ್ಳುವ ನಾವು ಸ್ವಲ್ಪ ಯೋಚಿಸೋಣ.

ಇ.ಸಿ., ಅಂದರೆ ಋಣಭಾರ ಪತ್ರವನ್ನು ಕಾವೇರಿ ಆನ್‌ಲೈನ್‌ನಲ್ಲಿ ನಾವೇ ಪಡೆಯಬಹುದು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಸಹಿ ಹಾಕದ ಹೆಣ್ಣುಮಕ್ಕಳ ಹಕ್ಕು ಕಾಣದು. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ.

ದೂರದ ವಕೀಲರು ನಾವು ಕಳಿಸಿದ ಕಾಗದವನ್ನಷ್ಟೇ ನೋಡುತ್ತಾರೆ. ಊರಿನವರು ವಂಶವೃಕ್ಷ ಪರಿಶೀಲಿಸಿ, ಚಕ್ಕುಬಂದಿ ತಾಳೆ ನೋಡಿ, ಅಕ್ಕಪಕ್ಕದಲ್ಲೂ ವಿಚಾರಿಸಬಲ್ಲರು.

ಯಾರನ್ನೇ ಆರಿಸಲಿ, ಅವರು ಮಾರುವವರ ವಕೀಲರಾಗಿರಬಾರದು. ಲಿಖಿತ ಅಭಿಪ್ರಾಯ ಕೈಗೆ ಬರುವ ತನಕ ಮುಂಗಡ ಕೊಡೋದು ಬೇಡ.

ಚರ್ಚೆಗೆ: ನಮ್ಮೂರಲ್ಲಿ ಮನೆ ಮಾರುವಾಗ ಹೆಣ್ಣುಮಕ್ಕಳ ಸಹಿ ಕೇಳುತ್ತಾರೆಯೇ?