ಟೆಕ್ಸಾಸ್‌ನಲ್ಲೇ ವಿಲೇವಾರಿ ಮಾಡಿ ಬನ್ನಿ

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಇಬ್ಬರಿಗೂ ಗ್ರೀನ್ ಕಾರ್ಡ್ ಆಗಿದೆ. ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮೇಲೆ ನಮ್ಮೆಜಮಾನರು ಪಿಸ್ತೂಲು ಕೊಂಡರು. ಅದರ ಮ್ಯಾಗಜಿನ್ 17 ಗುಂಡು ಹಿಡಿಯುತ್ತದೆ. ಈಗ ಕೆಲಸಕ್ಕಾಗಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋಗಬೇಕಾಗಿದೆ. ಅಲ್ಲಿ ಇಂಥ ಮ್ಯಾಗಜಿನ್ ಇಟ್ಟುಕೊಳ್ಳುವುದು ಅಪರಾಧವಂತೆ. ಇವರು "ರಸೀದಿ ಇದೆ, ಯಾರು ಕೇಳ್ತಾರೆ" ಅಂತಾರೆ. ಮಾತೆತ್ತಿದರೆ ಜಗಳ.

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ, ತಂಗೀ. ಟೆಕ್ಸಾಸ್‌ನಲ್ಲಿ ಇಷ್ಟೇ ಗುಂಡು ಎಂಬ ಮಿತಿಯಿಲ್ಲ; ಅಲ್ಲಿ ನಿಮ್ಮೆಜಮಾನರು ತಪ್ಪು ಮಾಡಿಲ್ಲ. ಆದರೆ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ನನ್ನು ರಾಜ್ಯದೊಳಕ್ಕೆ ತರುವುದನ್ನೇ ಕ್ಯಾಲಿಫೋರ್ನಿಯಾ 2000ದಿಂದ ನಿಷೇಧಿಸಿದೆ. ಇಟ್ಟುಕೊಳ್ಳುವುದನ್ನೂ ತಡೆಯಲು 2016ರಲ್ಲಿ ಜನಮತದಿಂದ ಕಾನೂನಾಯಿತು. ಅದು ವರ್ಷಗಟ್ಟಲೆ ಕೋರ್ಟಿನಲ್ಲಿ ಜಗ್ಗಾಡಿದ ಮೇಲೆ, 2025ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕಿಟ್ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನೀವು ಹೋಗುತ್ತಿರುವ ಸನ್ನಿವೇಲ್ ಅಂತೂ 2013ರಲ್ಲೇ ಮತ ಹಾಕಿ ತನ್ನದೇ ನಿಷೇಧ ತಂದುಕೊಂಡ ಊರು. ಟೆಕ್ಸಾಸ್ ರಸೀದಿ ಅಲ್ಲಿ ಕಾಪಾಡುವುದಿಲ್ಲ.

ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮ ಗ್ರೀನ್ ಕಾರ್ಡ್ ಬಗ್ಗೆ. ಬಂದೂಕಿನ ಅಪರಾಧ ಸಾಬೀತಾದರೆ, ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಲು ಅಮೆರಿಕದ ವಲಸೆ ಕಾನೂನಿನಲ್ಲಿ ದಾರಿಯಿದೆ. ಮ್ಯಾಗಜಿನ್ ಪ್ರಕರಣ ಅದರೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ವಾದಿಸಬಹುದು. ಆ ವಾದಕ್ಕೆ ನಿಮ್ಮ ಸಂಸಾರವನ್ನು ಒಡ್ಡಬೇಡಿ. ಹೊರಡುವ ಮೊದಲೇ ಆ ಮ್ಯಾಗಜಿನ್ನನ್ನು ಟೆಕ್ಸಾಸ್‌ನ ಬಂದೂಕಂಗಡಿಗೆ ಮಾರಿಬಿಡಲಿ. ಸಾಮಾನ್ಯವಾಗಿ ಅದೇ ಪಿಸ್ತೂಲಿಗೆ ಹತ್ತು ಗುಂಡಿನದು ಸಿಗುತ್ತದೆ. ಪಿಸ್ತೂಲನ್ನೇ ಒಯ್ಯುವುದಾದರೆ, ಹೋದ ಮೇಲೆ 60 ದಿನದೊಳಗೆ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆಗೆ ವರದಿ ಕೊಡಬೇಕು. ಇವೆಲ್ಲಕ್ಕೂ ಮುಂಚೆ ವಲಸೆ ವಕೀಲರೊಬ್ಬರನ್ನು ಕಂಡು ಬನ್ನಿ.

"ಏಳು ಗುಂಡಿನಲ್ಲಿ ಏನು ವ್ಯತ್ಯಾಸ" ಅಂತ ನಿಮ್ಮೆಜಮಾನರು ಕೇಳಬಹುದು. 2011ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಸಂಸದೆ ಗ್ಯಾಬಿ ಗಿಫರ್ಡ್ಸ್ ಜನರನ್ನು ಭೇಟಿಯಾಗುತ್ತಿದ್ದಾಗ ಒಬ್ಬ 33 ಗುಂಡಿನ ಮ್ಯಾಗಜಿನ್ ಇಟ್ಟುಕೊಂಡು ಬಂದ. ಆರು ಜನ ಸತ್ತರು, ಅವರಲ್ಲಿ ಒಂಬತ್ತು ವರ್ಷದ ಹುಡುಗಿಯೂ ಇದ್ದಳು. ಆ ಮ್ಯಾಗಜಿನ್ ಖಾಲಿಯಾಗಿ ಅವನು ಇನ್ನೊಂದನ್ನು ಹಾಕಲು ಹೊರಟ ಗಳಿಗೆಯಲ್ಲೇ ಅಲ್ಲಿದ್ದವರು ಅವನನ್ನು ಕೆಡವಿ ಹಿಡಿದರು. ಆ ಗಳಿಗೆ ಬೇಗ ಬರಲಿ ಎನ್ನುವುದಕ್ಕೇ ಈ ಮಿತಿ. ನನಗೆ ಅದು ಸರಿ ಅನಿಸುತ್ತದೆ. ನಿಮ್ಮೆಜಮಾನರಿಗೆ ಅನಿಸದಿರಬಹುದು, ಅನಿಸಲೇಬೇಕೆಂದೂ ಇಲ್ಲ. ಕಾನೂನು ಪಾಲಿಸಿದರೆ ಸಾಕು.

ಮಾತಾಡುವಾಗ ಕಾನೂನಿನಿಂದ ಶುರುಮಾಡಬೇಡಿ. ಅವರು ಪಿಸ್ತೂಲು ತಂದಿದ್ದು ನಿಮ್ಮನ್ನು ಕಾಯಲೆಂದು. ಅದನ್ನು ಒಪ್ಪಿಕೊಂಡೇ ಮಾತು ತೆಗೆಯಿರಿ. ಹೊಸ ಮನೆಗೆ ಒಳ್ಳೆಯ ಅಲಾರಂ ಹಾಕಿಸೋಣ, ಒಡವೆಯೆಲ್ಲ ಬ್ಯಾಂಕಿನಲ್ಲಿಡೋಣ, ಪಿಸ್ತೂಲಿಗೆ ಬೀಗದ ಪೆಟ್ಟಿಗೆ ತರೋಣ ಎನ್ನಿ. ವಕೀಲರ ಹತ್ತಿರ ಇಬ್ಬರೂ ಜೊತೆಗೇ ಹೋಗಿ. ನೀವು ಹೇಳಿದರೆ ಜಗಳವಾಗುವ ಮಾತನ್ನು ವಕೀಲರ ಬಾಯಿಂದ ಕೇಳಿದರೆ ನಿಮ್ಮೆಜಮಾನರು ಒಪ್ಪಿಯಾರು.